ಅತ್ತೆಯ ಕಂಪ್ಯೂಟರಿನ ಐದು ಸ್ವರ

ಅತ್ತೆಯ ಮನೆಯ ಮುಂಬಾಗಿಲಿಗೆ ಅಳಿಯ ಎಣ್ಣೆ ಹಾಕಿದ್ದು ಈ ವರ್ಷ ಒಂಬತ್ತು ಸಲ. ಲಿಫ್ಟ್ ರಿಪೇರಿ ಮಾಡುವ ಅವನ ಚೀಲದಲ್ಲಿ ಎಣ್ಣೆಯ ಡಬ್ಬಿ ಇರುವುದೇನೋ ಸರಿ, ಆದರೆ ಯಾವ ಬಡಪಾಯಿ ಬಾಗಿಲಿಗೂ ವರ್ಷಕ್ಕೆ ಅಷ್ಟು ಎಣ್ಣೆ ಬೇಕಾಗುವುದಿಲ್ಲ. ಎಣ್ಣೆ ಬರೀ ನೆಪ. ಮೂರು ವರ್ಷದ ಹಿಂದೆ ಒಳಕೋಣೆಯ ಕಂಪ್ಯೂಟರಿನಲ್ಲಿ ತಾನೇ ಕೂರಿಸಿಕೊಟ್ಟ ಐದು ಸ್ವರಗಳು ಆಗಾಗ ಮಾಯವಾಗುತ್ತಿದ್ದವು. ಅವನ್ನು ಮತ್ತೆ ಕೂರಿಸಲು ಅವನು ಬರುತ್ತಿದ್ದ, ಅದೂ ಅತ್ತೆಗೆ ಗೊತ್ತಾಗದ ಹಾಗೆ.

ಅತ್ತೆಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಗೆ ಪಾಠದ ಪುಸ್ತಕಗಳನ್ನು ಬ್ರೈಲ್ ಚುಕ್ಕಿಗಳಲ್ಲಿ ಮುದ್ರಿಸಿಕೊಡುವುದು ಅವರ ಕಸುಬು. ಅವರ ಮುದ್ರಣ ಯಂತ್ರಕ್ಕೆ ವಯಸ್ಸಾಗಿದೆ, ಮೊಂಡುತನವೂ ಬಂದಿದೆ. ಕಂಪ್ಯೂಟರಿನಲ್ಲಿ ಹಳೇ ಆಪರೇಟಿಂಗ್ ಸಿಸ್ಟಮ್, ಅಂದರೆ ಹಳೇ ವ್ಯವಸ್ಥೆ, ಶುರುವಾದರೆ ಮಾತ್ರ ಅದು ಹೇಳಿದ ಮಾತು ಕೇಳುತ್ತದೆ. ಹತ್ತು ಗಂಟೆಗೆ ಬಂದು ಪಾಠ ಟೈಪು ಮಾಡುವ, ಕರಡು ತಿದ್ದುವ ಮಗಳಿಗೆ ಹೊಸ ವ್ಯವಸ್ಥೆಯೇ ಬೇಕು. ಹೀಗಾಗಿ ಒಂದೇ ಡಬ್ಬಿಯೊಳಗೆ ಎರಡೂ ಇವೆ. ಗುಂಡಿ ಒತ್ತಿದೊಡನೆ ತೆರೆಯ ಮೇಲೆ ಒಂದು ಪಟ್ಟಿ ಬರುತ್ತದೆ, ಯಾವುದು ಬೇಕೋ ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಕಂಪ್ಯೂಟರು ಎಲ್ಲವನ್ನೂ ಅತ್ತೆಗೆ ಓದಿ ಹೇಳುತ್ತದೆ. ಆ ಪಟ್ಟಿ ಬಂದಾಗ ಮಾತ್ರ ಬಾಯಿ ಬಿಡುವುದಿಲ್ಲ. ಐದು ಸೆಕೆಂಡು ಕಾದು, ತನ್ನಷ್ಟಕ್ಕೆ ಹೊಸದಕ್ಕೆ ಹೊರಟುಬಿಡುತ್ತದೆ.

ಮದುವೆಯಾದ ಹೊಸತರಲ್ಲಿ ಅಳಿಯ ಇದಕ್ಕೊಂದು ದಾರಿ ಹುಡುಕಿದ್ದ. ಪಟ್ಟಿ ಬಂದ ಕೂಡಲೇ ಕಂಪ್ಯೂಟರು ಐದು ಸ್ವರ ಹಾಡಬೇಕು, ಆಮೇಲೆ ನಲವತ್ತು ಸೆಕೆಂಡು ತಾಳ್ಮೆಯಿಂದ ಕಾಯಬೇಕು. ಸ್ವರ ಕೇಳಿದೊಡನೆ ಅತ್ತೆ ಕೆಳಬಾಣದ ಗುಂಡಿಯನ್ನು ಎರಡು ಸಲ ಒತ್ತಿ ಎಂಟರ್ ಹೊಡೆದರೆ ಕೆಲಸ ಶುರು. ಅಲ್ಲಿಯವರೆಗೆ ಮಗಳಿಗಾಗಿ ಹತ್ತರವರೆಗೆ ಕಾಯುತ್ತಿದ್ದವರು ಅಂದಿನಿಂದ ಬೆಳಿಗ್ಗೆ ಆರಕ್ಕೇ ಯಂತ್ರದ ಮುಂದೆ ಹಾಜರು. "ನನ್ನ ಕೋಣೆಗೆ ಈಗ ನಾನೇ ಯಜಮಾನಿ ಆದೆ, ಅಳಿಯಂದ್ರೇ" ಎಂದು ಅವರು ಅಂದಾಗ ಅವನು ಹಿಗ್ಗಿ ಹೋಗಿದ್ದ.

ಆದರೆ ಹೊಸ ವ್ಯವಸ್ಥೆಗೆ ಸಣ್ಣದೊಂದು ಅಪ್‌ಡೇಟ್ ಬಂದರೂ ಸಾಕು, ಸ್ವರಗಳು ಹೇಳದೆ ಕೇಳದೆ ಮಾಯ. "ಇವತ್ತೂ ಅಮ್ಮ ನಾನು ಹೋಗೋವರೆಗೆ ಕೈ ಕಟ್ಕೊಂಡು ಕೂತಿದ್ರು ಕಣ್ರೀ" ಎಂದು ಸಂಜೆ ಹೆಂಡತಿ ಹೇಳಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮರುದಿನವೇ ಎಣ್ಣೆಯ ಡಬ್ಬಿ ಹಿಡಿದು ಹೊರಡುತ್ತಿದ್ದ. ಕೂರಿಸಿಕೊಟ್ಟದ್ದು ನಿಲ್ಲುತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅಳಿಯನಾದವನಿಗೆ ಅಷ್ಟು ಸುಲಭವೇ?

ಆ ಶನಿವಾರ ಮಾತ್ರ ಅವನನ್ನು ಕರೆಸಿದ್ದು ಅತ್ತೆಯೇ. ಶಾಲೆಯವರು ಇನ್ನು ಮುಂದೆ ಪಾಠಗಳನ್ನು ಹೊಸ ಬಗೆಯ ಫೈಲುಗಳಲ್ಲಿ ಕಳಿಸುತ್ತಾರಂತೆ. ಅವನ್ನು ತೆರೆಯಬೇಕಾದರೆ ಹೊಸ ವ್ಯವಸ್ಥೆ ಒಂದಾದ ಮೇಲೊಂದು ಎರಡು ದೊಡ್ಡ ಅಪ್‌ಡೇಟುಗಳ ಎರಡು ಮೆಟ್ಟಿಲು ಮೇಲೇರಬೇಕು.

"ಏನಾದ್ರೂ ಮಾಡಿ, ಆ ಐದು ಸ್ವರ ಮಾತ್ರ ಹೋಗಬಾರದು" ಎಂದರು ಅತ್ತೆ. "ಅದು ಹೋದ ದಿನ ನಾನು ಈ ಕೋಣೇಲಿ ನೆಂಟರ ಥರ ಕೂತಿರ್ತೀನಿ. ಯಾರಾದ್ರೂ ಬಂದು ಒತ್ತಿಕೊಟ್ರೆ ಕೆಲಸ, ಇಲ್ದಿದ್ರೆ ಇಲ್ಲ."

"ನೀವು ನಿಶ್ಚಿಂತೆಯಿಂದಿರಿ ಅತ್ತೆ" ಎಂದು ಅಳಿಯ ಅಂಗಿಯ ತೋಳು ಮಡಚಿದ.

ಮೊದಲ ಮೆಟ್ಟಿಲು ಒಂದೂವರೆ ಗಂಟೆ ತಿಂದಿತು. ಕಂಪ್ಯೂಟರು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಪಟ್ಟಿ ಬಂತು. ಸ್ವರ ಬರಲಿಲ್ಲ. ಅಳಿಯ ಗಂಟಲು ಸರಿಮಾಡಿಕೊಂಡು, "ಅದೂ ಅತ್ತೆ, ಬಾಗಿಲಿಗೆ ಸ್ವಲ್ಪ ಎಣ್ಣೆ..." ಎಂದು ಬಾಯಿ ತೆರೆದ.

"ಬೇಡಪ್ಪಾ" ಎಂದರು ಅತ್ತೆ. "ನೀವು ಎಣ್ಣೆ ಹಾಕಿ ಹಾಕಿ ಆ ಬಾಗಿಲು ಸದ್ದು ಮಾಡೋದನ್ನೇ ಮರೆತಿದೆ. ಯಾರು ಬಂದ್ರು, ಯಾರು ಹೋದ್ರು, ನನಗೊಂದೂ ತಿಳಿಯಲ್ಲ. ಸ್ವರ ಹೋದ ಮಾರನೇ ದಿನವೇ ಬಾಗಿಲಿಗೆ ಎಣ್ಣೆ ಬೀಳುತ್ತೆ ಅನ್ನೋದಂತೂ ತಿಳಿಯುತ್ತೆ."

ಗುಟ್ಟು ರಟ್ಟಾಗಿತ್ತು. ಮೂಲೆಯಲ್ಲಿ ಕೂತು ಹಾಳೆಯ ಮೇಲೆ ಕರಡು ತಿದ್ದುತ್ತಿದ್ದ ಹೆಂಡತಿ ನಗು ತಡೆಯಲಾರದೆ ಎದ್ದು ಬಂದು ಅವನ ಪಕ್ಕ ಕೂತಳು.

"ಅದೇನು ಮಾಡ್ತೀರಿ, ನನ್ನ ಮುಂದೆ ಮಾಡಿ ನೋಡೋಣ."

ಅವನು ಪಟ್ಟಿಯ ಫೈಲನ್ನು ತೆರೆದ. ತೆರೆದವನೇ ಸರ್ರನೆ ನೂರಾರು ಸಾಲು ಕೆಳಗಿಳಿದು, ಸ್ವರ ಸೇರಿಸುವ ಜಾಗಕ್ಕೆ ಬಂದು ನಿಂತ.

"ಮೇಲೆ ಹೋಗಿ. ಮೊದಲ ಸಾಲಿಗೆ."

"ಅಲ್ಲೇನಿರುತ್ತೆ? ಬರೀ ಸೂಚನೆಯ ಬೋರ್ಡು."

"ಬೋರ್ಡು ಅಂದ್ರೆ ಓದೋಕಲ್ವಾ?"

"ಬೋರ್ಡು ಓದೋರು ಲಿಫ್ಟ್ ಹತ್ತೋರು ಕಣೇ. ರಿಪೇರಿ ಮಾಡೋರು ನೇರ ಕೈ ಹಾಕ್ತಾರೆ."

ಹೆಂಡತಿ ಅವನ ಕೈ ಸರಿಸಿ ತಾನೇ ಮೇಲೆ ಹೋದಳು. ಪುಟದ ನೆತ್ತಿಯಿಂದ ಬೆರಳಿಟ್ಟು ಓದಿಕೊಂಡು ಬರುವುದನ್ನು ಅವಳಿಗೆ ಅಮ್ಮ ಕಲಿಸಿದ್ದು ಐದನೇ ವಯಸ್ಸಿನಲ್ಲಿ. ಅಲ್ಲಿದ್ದುದನ್ನು ಅವಳು ಅಮ್ಮನಿಗೂ ಕೇಳುವಂತೆ ಹೇಳಿದಳು: ಈ ಫೈಲನ್ನು ಕೈಯಿಂದ ತಿದ್ದಬೇಡಿ. ಇದು ಪ್ರತಿ ಅಪ್‌ಡೇಟಿನಲ್ಲೂ ತಾನಾಗಿ ಹೊಸದಾಗಿ ಬರೆಯಲ್ಪಡುತ್ತದೆ. ನಿಮ್ಮ ಬದಲಾವಣೆಗಳನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆಯಿರಿ.

ಮೂರು ವರ್ಷ ಅವನು ಅಡುಗೆಯ ವಿಧಾನ ಬರೆದ ಚೀಟಿಯನ್ನು ತಿದ್ದುವುದು ಬಿಟ್ಟು, ಬಡಿಸಿದ ತಟ್ಟೆಯಲ್ಲಿ ತಿದ್ದುಪಡಿ ಮಾಡುವವನ ಹಾಗೆ ನಡೆದುಕೊಂಡಿದ್ದ. ಕಂಪ್ಯೂಟರು ಮೊದಲ ದಿನದಿಂದಲೂ ಬೇಡ ಬೇಡ ಎನ್ನುತ್ತಲೇ ಇತ್ತು. ಅವನಿಗೆ ನಾಚಿಕೆಯಾಯಿತು, ಮರುಕ್ಷಣವೇ ನಗುವೂ ಬಂತು.

ಈ ಸಲ ಅವನು ಅವಸರ ಮಾಡಲಿಲ್ಲ. ಸೆಟ್ಟಿಂಗ್ಸ್ ಫೈಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಅಲ್ಲಿ ಐದು ಸ್ವರಗಳನ್ನು ಬರೆದ, ನಲವತ್ತು ಸೆಕೆಂಡು ಎಂದು ಬರೆದ, ಒಂದು ಪ್ರತಿಯನ್ನು ಬೇರೆ ಕಡೆಯೂ ಇಟ್ಟ. ಆ ಸೆಟ್ಟಿಂಗ್ಸ್‌ನಿಂದ ಪಟ್ಟಿಯನ್ನು ಹೊಸದಾಗಿ ಕಟ್ಟಿಸಿ, ಎರಡನೇ ಮೆಟ್ಟಿಲು ಶುರು ಮಾಡಿದ.

ಅರ್ಧ ದಾರಿಯಲ್ಲಿ ಕಂಪ್ಯೂಟರು ನಿಂತು ಒಂದು ಪ್ರಶ್ನೆ ಕೇಳಿತು. ಹಿಂದೆಂದೂ ಕೇಳದಿದ್ದ ಪ್ರಶ್ನೆ. ಅಭ್ಯಾಸಬಲದಿಂದ ಅಳಿಯನ ಬೆರಳು 'ಹೊಸದು' ಎಂಬುದರತ್ತ ಹೊರಟಿತು. ಅಪ್‌ಡೇಟ್ ಎಂದ ಮೇಲೆ ಹೊಸದೇ ಒಳ್ಳೆಯದಲ್ಲವೇ? ಆಮೇಲೆ ಅವನು ಬೆರಳನ್ನು ಹಿಂದಕ್ಕೆಳೆದುಕೊಂಡು ಮೊದಲ ಸಾಲಿನಿಂದ ಓದಿದ.

"ಅತ್ತೆ, ಇದು ಕೇಳ್ತಿದೆ. ಈ ಫೈಲಿನಲ್ಲಿ ನೀವೇನೋ ಬದಲಾಯಿಸಿದೀರಿ, ಅದನ್ನೇ ಉಳಿಸಿಕೊಳ್ಳಲಾ, ನಮ್ಮ ಹೊಸದನ್ನು ಹಾಕಲಾ ಅಂತ."

"ಈಗಲಾದ್ರೂ ಕೇಳೋ ಬುದ್ಧಿ ಬಂತಲ್ಲ ಅದಕ್ಕೆ. ನಮ್ಮದೇ ಇರಲಿ ಅನ್ನಿ."

ಅವನು ಹಾಗೆಯೇ ಒತ್ತಿದ. ಮುಕ್ಕಾಲು ಗಂಟೆಯ ಮೇಲೆ ಅಪ್‌ಡೇಟ್ ಮುಗಿಯಿತು. ಇನ್ನೇನು ಗುಂಡಿ ಒತ್ತಬೇಕು, ಅತ್ತೆ ಅವನ ಭುಜ ಮುಟ್ಟಿದರು.

"ಇಬ್ಬರೂ ಹೊರಗೆ ಹೋಗಿ. ಬಾಗಿಲು ಹಾಕ್ಕೊಳ್ಳಿ. ನಾಳೆ ಆರು ಗಂಟೆಗೆ ನೀವ್ಯಾರೂ ಇರಲ್ಲ."

ಹೊರಗೆ ಅಳಿಯ ಬಾಗಿಲಿಗೆ ಕಿವಿಯಿಟ್ಟು ನಿಂತ. ಲಿಫ್ಟಿನ ತುದಿಯಲ್ಲಿ ನೇತಾಡುವಾಗಲೂ ಅವನಿಗೆ ಇಷ್ಟು ಆತಂಕವಾದದ್ದಿಲ್ಲ. ಒಳಗೆ ಗುಂಡಿಯ ಸದ್ದು. ಫ್ಯಾನಿನ ಸದ್ದು. ಆಮೇಲೆ ಏನೂ ಇಲ್ಲ. ಹೆಂಡತಿ ಅವನ ತೋಳು ಹಿಡಿದುಕೊಂಡಳು.

ಐದು ಸ್ವರಗಳು ಒಂದರ ಹಿಂದೊಂದು ಕೇಳಿಬಂದವು. ಟಕ್, ಟಕ್, ಎರಡು ಬಾಣ. ಟಪ್ಪನೆ ಎಂಟರ್. ಹಳೇ ವ್ಯವಸ್ಥೆಯ ಪರಿಚಿತ ದನಿ ಮಾತಾಡತೊಡಗಿತು. ಒಂದೆರಡು ನಿಮಿಷದಲ್ಲಿ ಮುದ್ರಣ ಯಂತ್ರ ಮನೆಯೇ ಅದುರುವಂತೆ ಕಟಕಟ ಎಂದಿತು. ಅಳಿಯ ಗೋಡೆಗೊರಗಿ ಉಸಿರು ಬಿಟ್ಟ.

ಬಾಗಿಲು ತೆರೆಯಿತು. ಅತ್ತೆಯ ಕೈಯಲ್ಲಿ ಈಗಷ್ಟೇ ಹೊರಬಿದ್ದ ಹಾಳೆ. "ನಿಮಗೇ" ಎಂದು ಅಳಿಯನ ಉಸಿರು ಕೇಳಿದ ಕಡೆ ಚಾಚಿದರು. ಅವನು ಬೆರಳಾಡಿಸಿದ. ಬರೀ ಚುಕ್ಕಿಗಳು, ಅವನಿಗೆ ಬ್ರೈಲ್ ಓದಲು ಬರದು. ಹೆಂಡತಿ ಅವನ ಬೆರಳನ್ನು ಹಿಡಿದು ಹಾಳೆಯ ನೆತ್ತಿಗೆ ತಂದಳು.

"ಮೊದಲ ಸಾಲಿನಿಂದ" ಎಂದಳು. ಅವನ ಬೆರಳನ್ನು ಮೆಲ್ಲಗೆ ಸರಿಸುತ್ತಾ ಓದಿದಳು. "ಸ್ವರ ಇನ್ನು ಹೋಗುವುದಿಲ್ಲ. ಆದರೂ ಬುಧವಾರ ಊಟಕ್ಕೆ ಬನ್ನಿ. ಎಣ್ಣೆ ತರಬೇಡಿ."