ಹೆಬ್ಬೆರಳು ಕೇಳುವ ಮಾತು

ಭವ್ಯಶ್ರೀಗೆ ಬಿಲ್ಲು ಎತ್ತಲು ಬರುತ್ತಿತ್ತು, ಎಳೆಯಲು ಬರುತ್ತಿತ್ತು, ಗುರಿಯ ನಡುವಿನ ಹಳದಿಯಲ್ಲಿ ಕಣ್ಣು ನೆಡಲು ಬರುತ್ತಿತ್ತು. ಹನ್ನೊಂದು ವರ್ಷ ಅದನ್ನೇ ಮಾಡಿದವಳು. ಬಿಡಲು ಮಾತ್ರ ಬರುತ್ತಿರಲಿಲ್ಲ.

ಮೊದಲು ಬರುತ್ತಿತ್ತು. ಅದು ಹೋದದ್ದು ಎರಡು ವರ್ಷದ ಹಿಂದೆ, ಮೈಸೂರಿನ ಮೈದಾನವೊಂದರಲ್ಲಿ, ರಾಜ್ಯ ತಂಡದ ಆಯ್ಕೆಯ ದಿನ. ಅವಳ ಆಟದ ಬಿಲ್ಲಿನಲ್ಲಿ ತೆಳ್ಳಗಿನ ತಗಡಿನ ಪಟ್ಟಿಯೊಂದಿತ್ತು. ಬಾಣವನ್ನು ಪೂರಾ ಎಳೆದಾಗ ಅದು ಟಿಕ್ ಅನ್ನುತ್ತದೆ, ಟಿಕ್ ಅಂದ ಕ್ಷಣ ಬೆರಳು ಬಿಚ್ಚಬೇಕು. ಅವತ್ತು ಟಿಕ್ ಅಂದಿತು. ಬೆರಳು ಬಿಚ್ಚಲಿಲ್ಲ. ಅಕ್ಕಪಕ್ಕದ ಹುಡುಗಿಯರ ಬಾಣಗಳು ಒಂದೊಂದಾಗಿ ಹೋದವು. ಅವಳು ತೋಳು ನಡುಗುವವರೆಗೆ ನಿಂತು, ಹೆದೆಯನ್ನು ಮೆಲ್ಲಗೆ ಮರಳಿ ತಂದು, ಮತ್ತೆ ಎಳೆದಳು. ಟಿಕ್. ಮೂರನೆಯ ಸಲಕ್ಕೆ ಸಮಯ ಮುಗಿಯಿತು. ಆಮೇಲೆ ಡಾಕ್ಟರು ಕೈಗೆಲ್ಲ ಸೂಜಿ ಚುಚ್ಚಿ ನರ ನೋಡಿ, ‘ಏನೂ ತೊಂದರೆ ಇಲ್ಲಮ್ಮ, ಕೈ ಚೆನ್ನಾಗಿದೆ’ ಅಂದರು. ಏನಾದರೂ ಇದ್ದಿದ್ದರೆ ವಾಸಿಯಾದರೂ ಮಾಡಬಹುದಿತ್ತು.

ಈಗ ಅವಳು ಹನೂರಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಮಕ್ಕಳಿಗೆ ಖೋ ಖೋ ಆಡಿಸುತ್ತಾಳೆ, ಬಾಡಿಗೆ ಕೋಣೆಯಲ್ಲಿ ಇರುತ್ತಾಳೆ. ಅವಳ ತಾಯಿ ಚನ್ನಮಲ್ಲಮ್ಮ ಯಳಂದೂರಿನ ಪಕ್ಕದ ಹಳ್ಳಿಯಿಂದ ದಿನಾ ಸಂಜೆ ಫೋನು ಮಾಡುತ್ತಿದ್ದರು.

‘ಬುಡು ಅತ್ಲಾಗೆ. ಬಾಣ ಬುಡ್ದೆ ಇದ್ರೆ ಅನ್ನ ಇಳಿಯದಿಲ್ವಾ ಗಂಟ್ಲಲ್ಲಿ?’

‘ಬಿಡು’ ಅನ್ನುವುದು ಆ ಸೀಮೆಯ ಬಾಯಲ್ಲಿ ‘ಬುಡು’. ಚನ್ನಮಲ್ಲಮ್ಮನ ಮಾತಿನಲ್ಲಿ ಅದು ಸಾರಿಗೆ ಉಪ್ಪು ಬಿದ್ದ ಹಾಗೆ ಬೀಳುತ್ತಿತ್ತು. ಮಳೆ ಬಂದರೆ ಬಂತು ಬುಡು, ಬರದಿದ್ದರೆ ಓಗ್ಲಿ ಬುಡು. ಹಸು ಈದರೆ ಚಂದಾಯ್ತು ಬುಡು. ಮಗಳ ಹನ್ನೊಂದು ವರ್ಷಕ್ಕೂ ಅದೇ ಒಂದು ಮಾತು.

ಬಿಲ್ಲಿನವರ ನಡುವೆ ಒಂದು ನಂಬಿಕೆ ಓಡಾಡುತ್ತಿತ್ತು. ಮೂರು ಬೆರಳಲ್ಲಿ ಎಳೆಯುವವರು ಹೀಗೆ ಕಲ್ಲಾಗಿ ನಿಂತುಬಿಟ್ಟರೆ ಹೆಬ್ಬೆರಳಿಗೆ ಬದಲಾಯಿಸಬೇಕು. ಕುದುರೆಯ ಮೇಲೆ ಕೂತು ಹೊಡೆಯುವವರು ಹಾಗೇ ಎಳೆಯುತ್ತಿದ್ದರಂತೆ. ಬೆರಳು ಕಲಿತು ಮರೆತಿದೆ. ಹೆಬ್ಬೆರಳು ಕಲಿತೇ ಇಲ್ಲ, ಮರೆಯುವುದಕ್ಕೆ ಅದರ ಹತ್ತಿರ ಏನೂ ಇಲ್ಲ. ಭವ್ಯಶ್ರೀ ಇದನ್ನು ನಂಬಿದಳೋ ಇಲ್ಲವೋ, ಬೇರೆ ದಾರಿ ಇರಲಿಲ್ಲ. ಹೀಗಿರುವಾಗ ಒಂದು ಭಾನುವಾರ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿಗೆ ಮೊಮೊ ತಿನ್ನಲು ಹೋದಾಗ, ಹೋಟೆಲಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಎರಡೂ ತುದಿ ಮುಂದಕ್ಕೆ ಬಾಗಿದ ಗಿಡ್ಡ ಬಿಲ್ಲೊಂದನ್ನು ಕಂಡಳು.

‘ಅಪ್ಪಂದು,’ ಅಂದಳು ಹೋಟೆಲಿನ ಚಿಮೆ, ತಟ್ಟೆ ಒರೆಸುತ್ತ. ‘ಕೊಡಲ್ಲ. ಕೇಳ್ಬೇಡಿ.’

‘ಬಿಲ್ಲು ಬೇಡ. ಕಲಿಸ್ತಾರಾ ಕೇಳಿ.’

ಚಿಮೆಯ ಅಪ್ಪ ಪಾಸಂಗ್ ತಾತನಿಗೆ ಎಂಬತ್ತು ದಾಟಿತ್ತು. ಟಿಬೆಟ್ ಬಿಟ್ಟು ಬಂದ ಹೊಸದರಲ್ಲಿ ಲೊಕ್ಕನಹಳ್ಳಿಯ ರೈತರ ಜೊತೆ ಹೊಲ ಹಸನು ಮಾಡುತ್ತ ಕಲಿತ ಕನ್ನಡ, ಥೇಟ್ ಲೊಕ್ಕನಹಳ್ಳಿಯದೇ. ಹಿತ್ತಲಿನಾಚೆ ಮುಸುಕಿನ ಜೋಳದ ಹೊಲ, ಅದರಾಚೆ ಆನೆಗೆ ಹಾಕಿದ ಸೋಲಾರ್ ಬೇಲಿ, ಅದರಾಚೆ ಕಾಡು. ಜೋಳದ ಸಿಪ್ಪೆ ತುಂಬಿದ ಗೋಣಿಚೀಲವನ್ನು ಒಂದು ಗೂಟಕ್ಕೆ ಕಟ್ಟಿ, ಅದರ ಮೇಲೆ ಚಿಮೆಯ ಹಳೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಹೊಲಿದು, ಅದೇ ಗುರಿ ಅಂದರು.

‘ಕುದುರೆ ಬಿಲ್ಲು ಅಂತಾರೆ. ಕುದುರೆ ಎಲ್ಲಿ ತಾತ?’ ಅಂತ ಕೇಳಿದಳು, ಸುಮ್ಮನೆ ಮಾತಿಗೆ.

‘ಇತ್ತು. ಬರೋ ದಾರೀಲಿ ತಿಂದ್ಕಂಡೊ,’ ಅಂದರು ಪಾಸಂಗ್ ತಾತ. ತಮಾಷೆಯೋ ನಿಜವೋ ಅವಳು ಕೇಳಲು ಹೋಗಲಿಲ್ಲ.

ಅಗಲ ಉಂಗುರದಂಥ ಮೂಳೆಯ ಒಂದು ಬಳೆಯನ್ನು ಅವಳ ಬಲಗೈ ಹೆಬ್ಬೆರಳಿಗೆ ತೊಡಿಸಿದರು. ಹಳೆಯ ಹಲ್ಲಿನ ಬಣ್ಣದ್ದು, ಅವರ ಅಪ್ಪನದು. ಹೆದೆಯನ್ನು ಆ ಬಳೆಯ ಅಂಚಿಗೆ ಸಿಕ್ಕಿಸಿ, ಹೆಬ್ಬೆರಳನ್ನು ಮಡಿಸಿ, ಅದರ ಉಗುರಿನ ಮೇಲೆ ತೋರುಬೆರಳನ್ನು ಚಿಲಕದ ಹಾಗೆ ಇಡಬೇಕು.

‘ಮಿಕ್ಕಿದ್ ಬೆಟ್ಟೆಲ್ಲ ದಂಡ. ಮಡಿಸ್ಕೊ. ಹೆಬ್ಬೆಟ್ಟು ಒಂದೇ ಗೇಯೋದು.’

‘ನಮ್ಕಡೆ ಓದು ಬರಹ ಬರದೇ ಇರೋರ್ನ ಹೆಬ್ಬೆಟ್ಟು ಅಂತಾರೆ ತಾತ.’

‘ನಾನೂ ಹೆಬ್ಬೆಟ್ಟೆ ಕಣ್ ಮಗಾ. ಬ್ಯಾಂಕಲ್ಲಿ ಅದ್ನೇ ಒತ್ತಾದು.’

ಮೊದಲ ವಾರ ಬಾಣ ಬಿಲ್ಲಿನ ಮೇಲೆ ನಿಲ್ಲಲೇ ಇಲ್ಲ. ಹನ್ನೊಂದು ವರ್ಷದ ಅಭ್ಯಾಸಕ್ಕೆ ಅವಳು ಬಾಣವನ್ನು ಬಿಲ್ಲಿನ ಎಡಕ್ಕೆ ಇಡುತ್ತಿದ್ದಳು. ಹೆಬ್ಬೆರಳಲ್ಲಿ ಎಳೆಯುವವರು ಬಲಕ್ಕೆ ಇಡಬೇಕು. ‘ಅತ್ಲಾಗಲ್ಲ, ಇತ್ಲಾಗೆ,’ ಅನ್ನುತ್ತ ಅವರು ಪ್ರತಿಸಲ ತಾವೇ ಎತ್ತಿ ಇಟ್ಟರು. ಎರಡನೆಯ ವಾರ ಮಣಿಕಟ್ಟನ್ನು ಒಂದಿಷ್ಟೇ ತಿರುಚಿ ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುವುದು ಬಂತು. ಗದ್ದಕ್ಕೆ ತರುತ್ತಿದ್ದ ಹೆದೆಯನ್ನು ಕಿವಿಯ ಹಿಂದಕ್ಕೆ ಎಳೆಯುವುದು ಬಂತು. ಹೆಬ್ಬೆರಳಿನ ಗಿಣ್ಣು ಊದಿ, ಉಗುರು ನೇರಳೆಯಾಯಿತು. ಶಾಲೆಯಲ್ಲಿ ಸೀಟಿ ಹಿಡಿಯಲೂ ಆಗುತ್ತಿರಲಿಲ್ಲ. ಅವಳಿಗೆ ಅದು ಖುಷಿಯ ನೋವು. ಏನೋ ಹೊಸದು ಒಳಗೆ ಬರುತ್ತಿರುವ ನೋವು.

ಮೂರನೆಯ ಭಾನುವಾರ ಎಲ್ಲ ಸರಿಯಾಯಿತು. ಬಿಲ್ಲು ಎದ್ದಿತು, ಹೆದೆ ಕಿವಿಯ ಹಿಂದೆ ಹೋಯಿತು, ಮುಚ್ಚಳ ಬಾಣದ ತುದಿಯಲ್ಲಿ ಬಂದು ಕೂತಿತು. ಆಗ ಹೆಬ್ಬೆರಳು ಕಲ್ಲಾಯಿತು.

ಮೈಸೂರಿನ ಮೈದಾನವೇ ಹೆಜ್ಜೆ ಹಾಕುತ್ತ ಜೋಳದ ಹೊಲಕ್ಕೆ ಬಂದು ನಿಂತ ಹಾಗಿತ್ತು. ಬಿಡಬೇಕು ಅಂದುಕೊಂಡಳು. ಅಂದುಕೊಂಡಷ್ಟೂ ಚಿಲಕ ಬಿಗಿಯಿತು. ಬೆವರು ಕಣ್ಣಿಗೆ ಇಳಿಯಿತು.

‘ಯಾಕ್ ಮಗಾ ನಿಂತ್ಕಂಡೆ?’

‘ಬರ್ತಿಲ್ಲ ತಾತ.’

ಪಾಸಂಗ್ ತಾತ ಅವಳನ್ನು ನೋಡಿದರು, ಬಿಲ್ಲನ್ನು ನೋಡಿದರು. ಆಮೇಲೆ, ಎತ್ತಿನ ಹಗ್ಗ ಹಿಡಿದವನಿಗೆ ಹೇಳುವಷ್ಟೇ ಸಲೀಸಾಗಿ ಅಂದರು:

‘ಬುಡು.’

ಬಾಣ ಹೋಯಿತು. ಗೋಣಿಚೀಲಕ್ಕೆ ಬಡಿದ ಸದ್ದು ಕೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ತನ್ನ ಕೈ ಖಾಲಿಯಾಗಿದೆ ಅಂತ. ಎರಡು ವರ್ಷದಲ್ಲಿ ಅವಳು ಬಿಟ್ಟ ಮೊದಲ ಬಾಣ. ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಚಿಮೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಅವತ್ತು ಹದಿನಾಲ್ಕು ಬಾಣ ಬಿಟ್ಟಳು. ಹದಿನಾಲ್ಕಕ್ಕೂ ಪಾಸಂಗ್ ತಾತ ಬುಡು ಅಂದಿದ್ದರು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಂದಿನ ವಾರ ಅವರು ಸುಮ್ಮನಿದ್ದಾಗ ತೆಗೆದುಕೊಳ್ಳಬೇಕಾಯಿತು.

ಅವರು ಹೇಳಿದರೆ ಹೋಗುತ್ತಿತ್ತು. ಹೇಳದಿದ್ದರೆ ಇಲ್ಲ. ಅವರು ಎದ್ದು ಜೋಳದೊಳಗೆ ಮರೆಯಾಗಿ ನಿಂತು ನೋಡಿದರು, ಇಲ್ಲ. ಅವಳೇ ಬಾಯಿಬಿಟ್ಟು ‘ಬುಡು’ ಅಂದುಕೊಂಡಳು; ಹೆಬ್ಬೆರಳು ಕೇಳದವರ ಹಾಗೆ ಇತ್ತು. ಕೊನೆಗೆ ಅವರ ದನಿಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮಾತಿಗೆ ಮೊದಲು ಹತ್ತು ಸೆಕೆಂಡು ಖಾಲಿ ಬಿಟ್ಟು, ಜೇಬಿನಲ್ಲಿಟ್ಟು ಎಳೆದು ನಿಂತಳು. ಜೇಬು ಬುಡು ಅಂದಿತು. ಅದೇ ದನಿ, ಅದೇ ಸಲೀಸು. ಹೆಬ್ಬೆರಳಿಗೆ ವ್ಯತ್ಯಾಸ ಗೊತ್ತಿತ್ತು.

‘ಹೇಳೋದ್ ಕೇಳ್ಕಂಡು ಬುಡೋದಲ್ಲ ಮಗಾ,’ ಅಂದರು ಪಾಸಂಗ್ ತಾತ. ‘ನೀ ಬುಡ್ಬಾರ್ದು. ಅದಾಗೇ ಓಯ್ತದೆ. ನೀ ಓಗಕ್ ಬುಡ್ಬೇಕು ಅಷ್ಟೆಯ.’

‘ಅದೇ ಬರ್ತಿಲ್ಲ.’

‘ಅಂಗಾರೆ ನಾ ಸತ್ ಮ್ಯಾಕೆ ಬುಡು ಅಂತ ಯಾರು ಏಳರು ನಿಂಗೆ?’

‘ಅಷ್ಟರಲ್ಲಿ ಕಲೀತೀನಿ ತಾತ.’

‘ಬೇಗ ಕಲಿ,’ ಅಂದರು. ಇಬ್ಬರೂ ನಕ್ಕರು.

ಅವಳು ಪ್ರತಿ ಭಾನುವಾರ ಹೋದಳು. ಅವರು ಬುಡು ಅನ್ನುವುದನ್ನು ಮೆಲ್ಲಗೆ ಮಾಡುತ್ತ ಬಂದರು. ಕೂಗಿನಿಂದ ಮಾತು, ಮಾತಿನಿಂದ ಪಿಸುಮಾತು. ಅವಳ ಕಣ್ಣಂಚಿಗೆ ಕಾಣುವಂತೆ ಬರೀ ತುಟಿ ಅಲ್ಲಾಡಿಸಿದರೂ ಬಾಣ ಹೋದ ಒಂದು ಭಾನುವಾರ ಬಂತು. ಮುಂದಿನ ವಾರ ತುಟಿಯೂ ಬೇಡ, ಮೂಗಲ್ಲಿ ಉಸ್ರು ಬುಡ್ತೀನಿ ನೋಡು ಅಂದಿದ್ದರು. ಅವಳಿಗೆ ಆ ವಾರವೆಲ್ಲ ನಿದ್ದೆ ಚೆನ್ನಾಗಿ ಬಂತು.

ಆ ಭಾನುವಾರ ಹೋಟೆಲಿಗೆ ಬೀಗ ಬಿದ್ದಿತ್ತು. ಪಾಸಂಗ್ ತಾತನಿಗೆ ಲಕ್ವ ಹೊಡೆದು ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದಾರೆ ಅಂತ ಪಕ್ಕದ ಮನೆಯವರು ಹೇಳಿದರು.

ಇಪ್ಪತ್ತು ದಿನದ ಮೇಲೆ ಅವರು ಮನೆಗೆ ಬಂದರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಅವಳನ್ನು ಗುರುತು ಹಿಡಿದು ಅರ್ಧ ಮುಖದಲ್ಲಿ ನಕ್ಕರು. ಏನೋ ಉದ್ದಕ್ಕೆ ಹೇಳಿದರು. ಒಂದು ಪದವೂ ಕನ್ನಡವಾಗಿರಲಿಲ್ಲ.

‘ಕನ್ನಡ ಓಯ್ತು,’ ಅಂದಳು ಚಿಮೆ. ‘ಆಮೇಲೆ ಕಲ್ತಿದ್ದು ಮೊದ್ಲು ಓಯ್ತದಂತೆ. ಡಾಕ್ಟ್ರು ಕನ್ನಡದಲ್ ಕೇಳಿದ್ರೆ ಗೋಡೆ ನೋಡೋರು. ನಮ್ ಮಾತು ಮಾತ್ರ ಉಳ್ಕಂಡದೆ.’

‘ನಿಮ್ಮ ಮಾತಲ್ಲಿ ಬಿಡು ಅನ್ನೋದಕ್ಕೆ ಏನಂತಾರೆ?’

ಚಿಮೆ ಹೇಳಿದಳು. ಅಪ್ಪನಿಗೂ ವಿವರಿಸಿದಳು. ಭವ್ಯಶ್ರೀ ಎಳೆದು ನಿಂತಳು, ಪಾಸಂಗ್ ತಾತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಪದ ಹೇಳಿದರು. ಮತ್ತೆ ಹೇಳಿದರು. ಅದರ ಅರ್ಥ ಅವಳಿಗೆ ಗೊತ್ತಿತ್ತು. ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಹೆದೆಯನ್ನು ಮೆಲ್ಲಗೆ ಮರಳಿ ತಂದಾಗ ಅವರ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಲಕ್ವದ್ದು, ದಿನವಿಡೀ ಇಳಿಯುತ್ತದೆ ಅಂದಳು ಚಿಮೆ.

ಹತ್ತು ದಿನ ಬಿಟ್ಟು ಬುಧವಾರ ಪಾಸಂಗ್ ತಾತನನ್ನು ಬೈಲಕುಪ್ಪೆಯಲ್ಲಿರುವ ಚಿಮೆಯ ಅಕ್ಕನ ಮನೆಗೆ ಕರೆದೊಯ್ಯುವುದು ಅಂತ ತೀರ್ಮಾನವಾಗಿತ್ತು. ಬಿಲ್ಲೂ ಬಳೆಯೂ ಅವರ ಜೊತೆ ಹೋಗುತ್ತವೆ. ಉಳಿದದ್ದು ಒಂದು ಭಾನುವಾರ.

ಆ ಭಾನುವಾರ ಚನ್ನಮಲ್ಲಮ್ಮ ತಾವೂ ಬರುತ್ತೇನೆ ಅಂದರು. ಮಗಳಿಗೆ ಹೇಳಿಕೊಟ್ಟವರು ಹಾಸಿಗೆ ಹಿಡಿದಿರುವಾಗ ಒಂದು ಸಲ ನೋಡದಿದ್ದರೆ ಚೆನ್ನಾಗಿರುವುದಿಲ್ಲ. ಹನೂರಿನ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಮಗಳ ಸ್ಕೂಟರಿನ ಹಿಂದೆ ಕೂತು, ಮಡಿಲಲ್ಲಿ ಒಂದು ಚಿಪ್ಪು ರಸಬಾಳೆ ಇಟ್ಟುಕೊಂಡು, ದಾರಿಯುದ್ದಕ್ಕೂ ಸೊಂಟವನ್ನು ಬೈದುಕೊಂಡು ಬಂದರು. ಚಿಮೆ ಕೊಟ್ಟ ಲೋಟವನ್ನು ಮೂಸಿ, ‘ಇದ್ರಲ್ಲಿ ಎಂಥದೂ ಬಿದ್ದಿಲ್ವಲ್ಲವ್ವ?’ ಅಂತ ಕೇಳಿದರು.

‘ಬರೀ ಟೀ ಅಮ್ಮ. ನಮ್ಮಪ್ಪಂಗೂ ಇದೇ.’

‘ಅಂಗಲ್ಲ ಕಣವ್ವ. ನಾವು ಶಿವಪೂಜೆಯೋರು, ಅದ್ಕೆ ಕೇಳ್ದಿ ಅಷ್ಟೆಯ,’ ಅಂದು ಎರಡು ಲೋಟ ಕುಡಿದರು. ಪಾಸಂಗ್ ತಾತನ ಎಡಗೈಗೆ ಬಾಳೆಹಣ್ಣು ಸುಲಿದು ಕೊಟ್ಟು, ಹಿತ್ತಲಿನ ಕಲ್ಲಿನ ಮೇಲೆ ಅವರ ಪಕ್ಕದಲ್ಲೇ ಕೂತರು.

ಭವ್ಯಶ್ರೀ ಬಳೆ ತೊಟ್ಟಳು. ಬಾಣವನ್ನು ಬಲಕ್ಕೆ ಇಟ್ಟಳು. ಎಳೆದಳು. ಬೆಳಗ್ಗೆಯಿಂದ ಅವಳ ತಲೆಯಲ್ಲಿ ಒಂದೇ ಇತ್ತು: ಒಂದು ಬಾಣ, ಯಾರೂ ಹೇಳದೆ. ಒಂದು ಹೋದರೆ ಹೆಬ್ಬೆರಳು ಕಲಿತ ಹಾಗೆ. ಆಮೇಲೆ ಬಿಲ್ಲು ಎಲ್ಲಾದರೂ ಸಿಗುತ್ತದೆ. ಹೋಗದಿದ್ದರೆ ಇನ್ನು ಹೋಗುವುದಿಲ್ಲ.

ಹೋಗಲಿಲ್ಲ. ಇಳಿಸಿದಳು, ಎಳೆದಳು, ಇಳಿಸಿದಳು. ಬಿಸಿಲು ಜೋಳದ ಮೇಲಿಂದ ಸರಿದು ಗೋಣಿಚೀಲದ ಹಿಂದೆ ಹೋಯಿತು. ಸೋಲಾರ್ ಬೇಲಿಯ ಪೆಟ್ಟಿಗೆ ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತಿತ್ತು, ಟಿಕ್, ಟಿಕ್, ಯಾವುದಕ್ಕೂ ಸಂಬಂಧವಿಲ್ಲದೆ. ಹಿಂದೆ ಅಮ್ಮ ಸೆರಗಲ್ಲಿ ಸೊಳ್ಳೆ ಓಡಿಸುತ್ತ ಚಿಮೆಯ ಹತ್ತಿರ ಹಸುವಿನ ಹಾಲಿನ ಮಾತಾಡುತ್ತಿದ್ದರು. ಎಷ್ಟನೆಯ ಸಲ ಎಳೆದದ್ದೋ, ತೋಳು ನಡುಗತೊಡಗಿತು. ಮುಚ್ಚಳ ಬಾಣದ ತುದಿಯಲ್ಲೇ ಕೂತಿತ್ತು. ಹೆಬ್ಬೆರಳು ಉರಿಯುತ್ತಿತ್ತು. ನಡುಗುವ ತೋಳಿನ ಆಚೆ, ತುಂಬ ದೂರದಲ್ಲಿ, ಅದು ತೆರೆಯಬಹುದು ಅನ್ನುವ ಒಂದು ಸಣ್ಣ ಜಾಗ ಕಂಡ ಹಾಗಾಯಿತು. ಅವಳು ಅತ್ತ ಹೋಗುತ್ತಿದ್ದಳು. ಇನ್ನೊಂದು ಚೂರು ಇತ್ತು.

‘ಬುಡು ಕೂಸೆ, ಒತ್ತಾಯ್ತು, ಓಗನ,’ ಅಂದರು ಚನ್ನಮಲ್ಲಮ್ಮ.

ಬಾಣ ಹೋಯಿತು. ಮುಚ್ಚಳದ ನಟ್ಟನಡುವೆ ನೆಟ್ಟು ಗರಿ ಕಂಪಿಸಿತು. ಅಷ್ಟು ಚೆನ್ನಾಗಿ ಅವಳು ಯಾವತ್ತೂ, ಮೈಸೂರಿಗೆ ಮುಂಚೆಯೂ, ಹೊಡೆದಿರಲಿಲ್ಲ.

ಪಾಸಂಗ್ ತಾತ ಎಡಗೈಯಲ್ಲಿ ಕುರ್ಚಿಯ ತೋಳನ್ನು ಪಟಪಟ ಬಡಿದು ನಕ್ಕರು. ಕನ್ನಡ ಮರೆತವರಿಗೆ ಯಾರು ಏನಂದರು ಅನ್ನುವುದು ಗೊತ್ತಿರಲಿಲ್ಲ. ಬಾಣ ಹೋದದ್ದಷ್ಟೇ ಗೊತ್ತು. ತಮ್ಮ ಶಿಷ್ಯೆ ಕಲಿತಳು ಅಂತ ಮಗಳಿಗೆ ಏನೇನೋ ಹೇಳಿದರು.

‘ಬಳೆ ನೀವೇ ಇಟ್ಕೋಬೇಕಂತೆ,’ ಅಂದಳು ಚಿಮೆ.

‘ಬೇಡ. ನಾನು ಬಿಟ್ಟಿದ್ದಲ್ಲ ಅಂತ ಹೇಳಿ.’

ಚಿಮೆ ಅಪ್ಪನ ಮುಖ ನೋಡಿದಳು. ‘ನಾ ಅದ್ನ ಏಳಲ್ಲ,’ ಅಂದಳು.

ಭವ್ಯಶ್ರೀ ಬಳೆಯನ್ನು ಜೇಬಿಗೆ ಹಾಕಿಕೊಂಡಳು. ಬಿಲ್ಲಿನ ಹೆದೆ ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ, ಕಟ್ಟಿಟ್ಟ ಟ್ರಂಕುಗಳ ಪಕ್ಕ ಇಟ್ಟು ಬಂದಳು.

ಲೊಕ್ಕನಹಳ್ಳಿಯ ಕಡೆಗಿನ ರಸ್ತೆಯಲ್ಲಿ ಚನ್ನಮಲ್ಲಮ್ಮ ಖುಷಿಯಾಗಿದ್ದರು. ‘ಬಂತಲ್ಲ ಮತ್ತೆ. ಎರಡು ವರ್ಸದಿಂದ ಬರಲ್ಲ ಬರಲ್ಲ ಅಂತಿದ್ದಯ್. ಏನಾಗಿತ್ತು ಮತ್ತೆ?’

‘ನೀನು ಹೇಳಿದ್ದಕ್ಕೆ ಹೋಯ್ತು.’

‘ನಾ ಏನಂದಿ?’ ಅವರಿಗೆ ನೆನಪಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸಮಾಧಾನದ ದನಿಯಲ್ಲಿ ಅಂದರು, ‘ಅಂಗಾರೆ ನಾನೇ ಬತ್ತೀನಿ ಬುಡು, ವಾರವಾರ.’

ಆಕ್ಸಿಲರೇಟರಿನ ಮೇಲಿದ್ದ ಅವಳ ಬಲಗೈ ಬಿಚ್ಚಿಕೊಂಡಿತು. ಸ್ಕೂಟರು ಮುಗ್ಗರಿಸಿದಂತೆ ನಿಧಾನವಾಯಿತು. ಹಿಂದಿದ್ದ ಲಾರಿ ಹಾರನ್ನು ಹೊಡೆದು ಪಕ್ಕದಲ್ಲಿ ಹಾದುಹೋಯಿತು.

‘ಯಾಕವ್ವ, ಪೆಟ್ರೋಲ್ ಮುಗೀತಾ?’

‘ಇಲ್ಲ.’ ಹಿಡಿಯನ್ನು ಮತ್ತೆ ಹಿಡಿದು ತಿರುವಿದಳು. ಹೆಬ್ಬೆರಳನ್ನು ಬಿಗಿಯಾಗಿ ಸುತ್ತಿದಳು, ಅದರ ಮೇಲೆ ತೋರುಬೆರಳನ್ನು ಚಿಲಕದ ಹಾಗೆ ಇಟ್ಟಳು.

‘ಇದ್ರೆ ಸರಿ ಬುಡು,’ ಅಂದರು ಅಮ್ಮ.