ಸಾಹೇಬರು ನೋಡುವ ತನಕ

ಹೆಣದ ಬಲಮುಷ್ಟಿ ಬಿಡಿಸಲು ಇಬ್ಬರು ಗಂಡಸರು ಹೆಣಗುತ್ತಿದ್ದರು. ಒಬ್ಬ ಮಣಿಕಟ್ಟು ಒತ್ತಿ ಹಿಡಿದಿದ್ದ, ಇನ್ನೊಬ್ಬ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸುತ್ತಿದ್ದ. ಮೂರನೆಯ ಬೆರಳು ಲಟಕ್ಕೆಂದಿತು. ಒಳಗಿದ್ದದ್ದು ಒಂದು ಹಿಡಿ ಕೆರೆಮಣ್ಣು.

"ಬಿಟ್ಬುಡ್ರಿ ಅತ್ಲಾಗೆ," ಎಂದಳು ಗಂಗರತ್ನಮ್ಮ. "ಬದುಕಿದ್ದಾಗ್ಲೇ ಇಡ್ದಿದ್ದು ಬಿಟ್ಟೋರಲ್ಲ."

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ತಲೆಗೆ ಅವಳು ಬಿಸಿನೀರು ಹೊಯ್ಯುತ್ತಿದ್ದಳು. ದೊಡ್ಡವೆಂಕಟಪ್ಪ ಬೋಡಗುಂಟೆಯ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳಿ ಬೈಸಿಕೊಳ್ಳುವುದು ಅವನ ಕೆಲಸ. ನೀರು ಮೊದಲು ಕಪ್ಪಗೆ ಇಳಿಯಿತು, ಆಮೇಲೆ ಕೆಂಪಗೆ. ಎಡಗಿವಿಯ ಹಿಂದೆ ನಾಲ್ಕು ಬೆರಳಗಲದ ಸೀಳು ಕಂಡಿತು. ದಾರ ಹಿಡಿದು ಗೆರೆ ಎಳೆದಷ್ಟು ನೆಟ್ಟಗಿತ್ತು.

"ಕಲ್ಲು ಬಡ್ದಿರ್ಬೇಕು ಕಣಮ್ಮಿ," ಎಂದಳು ಅರಿಸಿನ ಹಚ್ಚುತ್ತಿದ್ದ ಮುದುಕಿ.

ಗಂಗರತ್ನಮ್ಮ ಚೊಂಬು ಅದ್ದಿ ಇನ್ನೊಂದು ಸಲ ಹೊಯ್ದಳು. ಅದು ಏನೆಂದು ಅವಳಿಗೆ ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಕೆರೆ ಏರಿಯಲ್ಲಿ, ಅವನಿಂದ ಹತ್ತು ಮಾರು ದೂರದಲ್ಲಿ, ಅವಳು ಮಣ್ಣಿನ ಮಂಕರಿ ಹೊತ್ತು ನಿಂತಿದ್ದಳು.

ಪಟೇಲ ಅಶ್ವತ್ಥಪ್ಪ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಹಿಂದೆ ಬಂದ ಅವನ ತಮ್ಮ ಕೋದಂಡಪ್ಪ ಹೊಸ್ತಿಲು ದಾಟಲಿಲ್ಲ.

"ಗಂಗರತ್ನಮ್ಮ, ಎಣ ಈಗ್ಲೇ ಎತ್ಬ್ಯಾಡ್ರಿ. ಶೇಕದಾರ್ರು ಬಸ್ಸಿಳಿದವ್ರಂತೆ. ಅವ್ರು ನೋಡೋ ತನಕ ಇಂಗೇ ಇರ್ಲಿ."

"ಎಮ್ಮೆಗೂ ಇದನ್ನೇ ಯೋಳಿದ್ರಿ ಗೌಡ್ರೇ," ಎಂದಳು ಅವಳು. "ಅದು ಇನ್ನೂ ಅಲ್ಲೇ ಬಿದ್ದೈತೆ."

•

ಸೈಕ್ಲೋನ್ ಮಳೆ ಆ ಕಾರ್ತಿಕದಲ್ಲಿ ಮೂರು ದಿನ ಹಿಡಿದಿತ್ತು. ಸಾವಿರದ ಒಂಬೈನೂರ ಐವತ್ತಾರು. ರಾಜ್ಯ ದೊಡ್ಡದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಕೆರೆ ಏರಿ ನಡುವೆ ಒಡೆದು, ಎರಡು ಗಾಡಿ ಒಟ್ಟಿಗೆ ಹಾಯುವಷ್ಟು ಗಂಡಿ ಬಿತ್ತು. ನೀರು ಕೆಳಗೇರಿಗೆ ನುಗ್ಗಿ ಏಳು ಮನೆ ಕೆಡವಿತು, ದನ ಕೊಚ್ಚಿತು, ರಾಗಿ ಮೆದೆಗಳನ್ನು ಕಾಮಸಮುದ್ರದ ದಾರಿಯ ತನಕ ಸಾಗಿಸಿತು. ಜನ ಮಾತ್ರ ಹೇಗೋ ಮರ ಹತ್ತಿ ಉಳಿದರು.

ಏರಿ ಒಡೆದ ಮೂರನೆಯ ದಿನ ಕಂದಾಯದ ಶೇಕದಾರರು ಕೊಡೆ ಹಿಡಿದು ಬಂದರು. ಮೂಗಿನಲ್ಲೇ ಮಾತು. "ಯಾರೂ ಏನೂ ಮುಟ್ಟಕೂಡದು. ತಾಲ್ಲೂಕಿನ ಅಮಲ್ದಾರ್ ಸಾಹೇಬರು ಬಂಗಾರಪೇಟೆಯಿಂದ ಖುದ್ದು ಬಂದು ನೋಡ್ತಾರೆ. ನೋಡಿದ ಮೇಲೆ ನಷ್ಟದ ಪಟ್ಟಿ. ಪಟ್ಟಿ ಆದ ಮೇಲೆ ಪರಿಹಾರ. ಜೀವಹಾನಿ ಇದ್ದಿದ್ರೆ ಮಾತು ಬೇರೆ, ತನಿಖೆ ಆಮೇಲಾದ್ರೂ ಆಗ್ತಿತ್ತು. ನಿಮ್ಮೂರಲ್ಲಿ ಒಂದೂ ಇಲ್ಲವಲ್ಲ."

ಕೊನೆಯ ಮಾತನ್ನು ಅವರು ಬೇಸರದಲ್ಲಿ ಹೇಳಿದರೋ ಸಂತೋಷದಲ್ಲೋ ಯಾರಿಗೂ ತಿಳಿಯಲಿಲ್ಲ. ಆದರೆ ಊರು ಅಕ್ಷರಶಃ ಪಾಲಿಸಿತು. ಬಿದ್ದ ಗೋಡೆಯ ಇಟ್ಟಿಗೆಯನ್ನು ಯಾರೂ ಎತ್ತಲಿಲ್ಲ. ನಿಂತಿದ್ದ ಅರ್ಧ ಗೋಡೆಯನ್ನು ಒಬ್ಬ ತಾನೇ ಒದ್ದು ಪೂರ್ತಿ ಕೆಡವಿದ. ಬೇಲಿಗೆ ಸಿಕ್ಕಿ ಸತ್ತಿದ್ದ ಎಮ್ಮೆಯನ್ನು ಸಾಹೇಬರು ನೋಡಲೆಂದು ಹಾಗೇ ಬಿಡಲಾಯಿತು. ಐದನೆಯ ದಿನ ಅದರ ಹೊಟ್ಟೆ ಒಡೆಯಿತು, ಆರನೆಯ ದಿನ ನಾಯಿಗಳು ಒಳಗೆ ಹೊಕ್ಕವು. ಒಡೆಯ ಮೂಗಿಗೆ ಬಟ್ಟೆ ಕಟ್ಟಿ, ಕಲ್ಲು ಬೀರಿ ನಾಯಿ ಕಾಯುತ್ತ ಕೂತ. ಎಮ್ಮೆ ಪೂರ್ತಿ ಹೋದರೆ ಸಾಕ್ಷಿಯೂ ಹೋದಂತೆ.

ದೊಡ್ಡವೆಂಕಟಪ್ಪ ಒಬ್ಬನೇ ಮಾತು ಮೀರಿದ. ಶೇಕದಾರರು ಹೋದ ಮರುದಿನವೇ ಗಂಡಿಗೆ ಇಳಿದು ಮಣ್ಣು ಹಾಕತೊಡಗಿದ. ಗಂಗರತ್ನಮ್ಮ ಹೊತ್ತು ತಂದಳು, ಅವನು ತುಳಿದ. ಮಂಕರಿ ಸುರಿದಾಗಲೆಲ್ಲ ಮೂಗು ಹಿಡಿದು, ಕೊಡೆಯಂತೆ ಗುದ್ದಲಿ ಎತ್ತಿ, "ಮುಟ್ಟಕೂಡದು, ಸಾಹೇಬರು ನೋಡಿಲ್ಲ," ಎನ್ನುವನು. ಅವನು ಶೇಕದಾರನೇ ಆಗಿಬಿಡುತ್ತಿದ್ದ; ನಕ್ಕು ನಕ್ಕು ಅವಳ ತಲೆಯ ಮಂಕರಿ ಅಲ್ಲಾಡುತ್ತಿತ್ತು.

ಪಟೇಲ ಬಂದು ನಿಧಾನವಾಗಿಯೇ ಹೇಳಿದ್ದ. "ಯೋಚ್ನೆ ಮಾಡ್ಲಾ ಯೆಂಕಟಪ್ಪ. ನೀನು ಮುಚ್ಬುಟ್ರೆ ಗಂಡೀನೇ ಇಲ್ಲ ಅಂತ ಬರಕೊಂಡೋಯ್ತಾರೆ. ಬರೀ ಮಣ್ಣು ಎಷ್ಟು ಮಳೆಗೆ ನಿಂತಾತು? ಕಲ್ಲು ಕಟ್ಟಡ ಆಗ್ಬೇಕು. ಅದು ನಮ್ಮಪ್ಪನ ಕೈಲೂ ಆಗಲ್ಲ, ನಿಮ್ಮಪ್ಪನ ಕೈಲೂ ಆಗಲ್ಲ. ಸರ್ಕಾರವೇ ಕಟ್ಟಬೇಕು."

"ಕಟ್ಲಿ ಗೌಡ್ರೇ, ನಾನ್ಯಾಕೆ ಬ್ಯಾಡ ಅನ್ಲಿ. ಬಂದಾಗ ಮಣ್ಣಿನ ಮೇಲೆ ಕಲ್ಲು ಕಟ್ಲಿ. ಅಲ್ಲೀಗಂಟ ಕೆಳಗೇರಿ ಇಪ್ಪತ್ತೆರಡು ಮನೇರು ಮರದ ಮೇಲೇ ಮಲೀಕ್ಕಾಬೇಕಾ? ಇನ್ನೊಂದು ಮಳೆ ಮ್ಯಾಲೇ ಕುಂತೈತೆ."

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಜಗಳ ಬೆಳೆದದ್ದು ಅದಕ್ಕೇ.

•

ಶೇಕದಾರರಿಗಿಂತ ಮೊದಲು ಆರುಮುಗಂ ಬಂದ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೂಲಿ, ದೊಡ್ಡವೆಂಕಟಪ್ಪನ ಹಳೆಯ ಜೊತೆಗಾರ; ಎಡಗಾಲು ಎಳೆಯುತ್ತಿದ್ದ. ಹೆಣದ ಕಾಲು ಮುಟ್ಟಿ, ತಲೆಯ ಹಿಂದೆ ಕೈಯಾಡಿಸಿ, ಬೆರಳು ಅಲ್ಲೇ ನಿಲ್ಲಿಸಿದ.

"ಅಕ್ಕಾ, ಇದು ಕಲ್ಲು ಇಲ್ಲೆ. ಕಲ್ಲು ಏಟು ನಾನ್ ಪಾತ್ತಿದೀನಿ, ಕಣ್ಣಾರೆ. ಕಲ್ಲು ಬಿದ್ರೆ ನಸುಂಗಿ ಜಜ್ಜೋಗ್ತದೆ, ಇಂಗೆ ಕುಯ್ಯಲ್ಲ. ಯಾರು?"

"ಊಟ ಮಾಡಿದ್ಯಾ ಆರುಮುಗಂ?" ಎಂದಳು ಅವಳು.

"ಯಾರು ಅಂತ ಸೊಲ್ಲು ಅಕ್ಕಾ."

ಹೊಸ್ತಿಲಾಚೆ ನಿಂತಿದ್ದ ಕೋದಂಡಪ್ಪ ಎಲೆಯಡಿಕೆ ಉಗುಳಲು ಆ ಕಡೆ ಹೋದ. ಆರುಮುಗಂ ಅವನ ಬೆನ್ನನ್ನೇ ನೋಡಿದ.

•

ಏಳು ವರ್ಷದ ಹಿಂದೆ ದೊಡ್ಡವೆಂಕಟಪ್ಪ ಚಿನ್ನದ ಗಣಿಯಲ್ಲಿದ್ದ. ಅಪ್ಪ ಬದುಕಿದ್ದರಿಂದ ತೂಬು ಅಪ್ಪನ ಕೈಯಲ್ಲಿತ್ತು. ಒಂದು ಮಧ್ಯಾಹ್ನ ಭೂಮಿಯೊಳಗೆ ಬಂಡೆ ತಾನಾಗಿ ಸಿಡಿಯಿತು. ದೀಪಗಳು ಆರಿದವು. ಪಕ್ಕದಲ್ಲಿ ಬೀಡಿ ಕೇಳುತ್ತಿದ್ದವನ ತಲೆ ಇದ್ದ ಜಾಗದಲ್ಲಿ ಬಂಡೆ ಇತ್ತು. ಆಚೆಯಿಂದ ಆರುಮುಗಂ ತಾಯಿಯನ್ನು ಕೂಗುತ್ತಿದ್ದ, ಕಾಲು ಕಲ್ಲಿನಡಿ.

"ಮೇಲಿಂದ ಆಳು ಬತ್ತಾರೆ, ಇರು," ಎಂದ ಮೇಸ್ತ್ರಿ.

"ಬರ್ಲಿ, ಅಲ್ಲೀಗಂಟ ಬಗೀತಿರ್ತೀನಿ," ಎಂದು ದೊಡ್ಡವೆಂಕಟಪ್ಪ ಬಗೆಯತೊಡಗಿದ. ಉಗುರು ಕಿತ್ತುಹೋದವು. ನೀರಿರಲಿಲ್ಲ, ಆರುಮುಗಂ ನಿದ್ದೆಗೆ ಜಾರದಂತೆ ಮೇಸ್ತ್ರಿಯ ದನಿ, ದೊರೆಯ ದನಿ, ದೊರೆಯ ನಾಯಿಯ ದನಿ ಎಲ್ಲ ತೆಗೆದ. ಆರು ಗಂಟೆ ಕಳೆದು ರಕ್ಷಣಾ ದಳ ಬಂದಾಗ ಆರುಮುಗಂ ಸೊಂಟದ ತನಕ ಹೊರಗಿದ್ದ. ಉಳಿದದ್ದನ್ನು ಅವರ ಜಾಕಿ ಎತ್ತಿತು.

"ಅವರ ಜಾಕಿ ಇಲ್ಲಾಂದ್ರೆ ನಾನಿಲ್ಲ," ಎಂದು ಆರುಮುಗಂ ಯಾವಾಗಲೂ ಹೇಳುತ್ತಿದ್ದ. "ಆದ್ರೆ ಅಣ್ಣನ ಕೈ ಇಲ್ಲಾಂದ್ರೆ ಜಾಕಿ ಎತ್ತೋಕೆ ಎಣ ಇರ್ತಿತ್ತು."

•

ಗಂಗರತ್ನಮ್ಮ ಕಾಯದೆ ಹೆಣ ಎತ್ತಿಸಿದಳು. ಶೇಕದಾರರು ಬಂದದ್ದು ಚಟ್ಟ ಕೆರೆ ಏರಿ ತಲುಪಿದಾಗ. ಮಸಣದ ದಾರಿ ಅದೇ. ತಮಟೆ ನಿಂತಿತು. ಪಟೇಲ ಓಡಿ ಹೋಗಿ ಕೊಡೆ ಹಿಡಿದ.

"ಅಮಲ್ದಾರ್ ಸಾಹೇಬರು ಇವತ್ತೂ ಬರೋದಿಲ್ಲ. ಜೀಪು ಹಳ್ಳದಲ್ಲಿ ಸಿಕ್ಕಿದೆ. ಆದ್ರೆ ಈಗ ಜೀವಹಾನಿ ಆಗಿದೆಯಲ್ಲ," ಎಂದು ಶೇಕದಾರರು ಚೀಲದಿಂದ ಕಾಗದ ತೆಗೆದರು. "ಇದೊಂದು ಹೋದ್ರೆ ಗ್ರಾಮ ತಾನಾಗೇ ಪಟ್ಟಿಗೆ ಸೇರುತ್ತೆ. ಏರಿ, ಮನೆ, ಬಿತ್ತನೆ ರಾಗಿ ಎಲ್ಲಾ. ಹೆಂಡತಿ ಹೆಬ್ಬೆಟ್ಟು ಬೇಕು. ಓದ್ತೀನಿ ಕೇಳಮ್ಮ. 'ಕೆರೆ ಒಡೆದ ಸ್ಥಳದಲ್ಲಿ ಪ್ರವಾಹಕ್ಕೆ ಸಿಕ್ಕಿ'..."

"ಪ್ರವಾಹವಾ?" ಆರುಮುಗಂ ಚಟ್ಟದ ಕೊನೆ ಬಿಟ್ಟ. "ಯಾವ ಪ್ರವಾಹ ಸಾರ್? ಮೀಸೆ ಇರೋ ಪ್ರವಾಹವಾ?"

ಅವನು ಕುಂಟನಾದರೂ ಕೋದಂಡಪ್ಪನನ್ನು ಎರಡೇ ಹೆಜ್ಜೆಯಲ್ಲಿ ಮುಟ್ಟಿದ. ಹಣೆಯಿಂದಲೇ ಬಾಯಿಗೆ ಗುದ್ದಿದ. ಹಲ್ಲು ಮುರಿದ ಸದ್ದು ಶೇಕದಾರರಿಗೂ ಕೇಳಿಸಿತು. ಕೋದಂಡಪ್ಪನ ಕಡೆಯವನೊಬ್ಬ ಬಿದಿರ ಗಳು ಬೀಸಿದ; ಅದು ಆರುಮುಗಂನ ಮೊಣಕೈಗೆ ಬಿದ್ದು ಕೈ ಜೋತಿತು. ಉಳಿದ ಕೈಯಲ್ಲೇ ಅವನು ಕೋದಂಡಪ್ಪನ ಕುತ್ತಿಗೆ ಹಿಡಿದು ಮಣ್ಣಿಗೆ ಅದುಮಿದ. ಕೆಳಗೇರಿಯವರು ಕಲ್ಲೆತ್ತಿಕೊಂಡರು, ಪಟೇಲನ ಮೇಲುಕೇರಿಯವರು ಗಳು. ಯಾರದೋ ಹೆಗಲು ತಪ್ಪಿ ಚಟ್ಟ ವಾಲಿತು. ಹೆಣ ಹೂವಿನ ಸಮೇತ ಜಾರಿ, ಗಂಡಿಯ ಅಂಚಿಗೆ ಮುಖ ಅಡಿಯಾಗಿ ಬಿತ್ತು.

ಎಲ್ಲರೂ ನಿಂತರು.

•

ನಿನ್ನೆಯೂ ಅವನು ಅಲ್ಲೇ ಬಿದ್ದಿದ್ದ.

ಗಂಡಿ ಮುಕ್ಕಾಲು ಮುಚ್ಚಿತ್ತು. ಅಮಲ್ದಾರ್ ಮರುದಿನ ಬರುತ್ತಾರೆಂಬ ಸುದ್ದಿ ಬಂದು, ಪಟೇಲ ತಮ್ಮನ ಜೊತೆ ನಾಲ್ವರನ್ನು ಕಳಿಸಿದ್ದ. "ಒಡ್ಕು ಕಾಣೋಷ್ಟು ತೆಗೀರಿ, ಅವನ್ನ ಮುಟ್ಬ್ಯಾಡಿ," ಎಂದೂ ಹೇಳಿದ್ದ. ಅವನು ದಿನಗಟ್ಟಲೆ ಹಾಕಿ ತುಳಿದಿದ್ದ ಮಣ್ಣನ್ನು ಅವರು ಎಳೆದು ಕೆಡವತೊಡಗಿದರು. ದೊಡ್ಡವೆಂಕಟಪ್ಪ ಕೆಳಗಿಳಿದು ಮಣ್ಣಿಗೆ ಬೆನ್ನು ಕೊಟ್ಟು ನಿಂತ. ಒಬ್ಬನನ್ನು ಕಾಲು ಹಿಡಿದು ಎಳೆದು ಬೀಳಿಸಿದ, ಇನ್ನೊಬ್ಬನ ಮುಖಕ್ಕೆ ಕೆಸರು ಎರಚಿದ.

"ಏಳ್ಲಾ ಮೇಲೆ," ಎಂದ ಕೋದಂಡಪ್ಪ.

ದೊಡ್ಡವೆಂಕಟಪ್ಪ ಮೂಗು ಹಿಡಿದುಕೊಂಡ. ಶೇಕದಾರರ ದನಿ ಬರಲಿಲ್ಲ. ಬಂದದ್ದು ಶೇಕದಾರರ ಮುಂದೆ ನಿಂತ ಕೋದಂಡಪ್ಪನ ದನಿ. "ಅಂಗೇ ಆಗ್ಲಿ ಬುದ್ಧೀ, ನಮ್ಮೂರು ಇನ್ನೊಸಿ ಒಡೆದಾಕ್ತೀವಿ ಬುದ್ಧೀ, ಸಾಕಾ ಬುದ್ಧೀ?" ಸೊಂಟ ಬಗ್ಗಿಸಿದ್ದು, ತುಟಿ ನೆಕ್ಕಿದ್ದು, ಎಲ್ಲ ಅವನೇ. ಕೋದಂಡಪ್ಪನ ಜೊತೆಗೆ ಬಂದ ನಾಲ್ವರೂ ಗುದ್ದಲಿ ಊರಿ ನಕ್ಕರು.

ನಗು ಮುಗಿಯುವ ಮುಂಚೆ ಕೋದಂಡಪ್ಪನ ಸನಿಕೆ ಅವನ ಕಿವಿಯ ಹಿಂದೆ ಬಿತ್ತು. ದೊಡ್ಡವೆಂಕಟಪ್ಪ ಬಗ್ಗಿದ ಸೊಂಟದಲ್ಲೇ ಕೂತ. ಮೇಲೆ ಕಡಿದಿಟ್ಟಿದ್ದ ಹಸಿಮಣ್ಣಿನ ಗೋಡೆ ಅವನ ಮೇಲೆ ಕುಸಿಯಿತು. ಗಂಗರತ್ನಮ್ಮ ಮಂಕರಿ ಬಿಸಾಡಿ ಓಡಿದಳು. ಅವಳ ಕೈಗೆ ಮೊದಲು ಸಿಕ್ಕಿದ್ದು ಆ ಮುಷ್ಟಿ.

•

ಅವಳು ಹೆಣವನ್ನು ಹೊರಳಿಸಿ, ಸೆರಗಿನಲ್ಲಿ ಮುಖದ ಕೆಸರು ಒರೆಸಿದಳು. ಮೋಡ ಕಾಮಸಮುದ್ರದ ಕಡೆಯಿಂದ ಮೇಲೇರುತ್ತಿತ್ತು.

"ಆರುಮುಗಂ, ಬಿಡು ಅವನ್ನ."

"ಅಕ್ಕಾ, ಕೋಲಾರ ಕೋರ್ಟಿಗೆ..."

"ಬಿಡು. ಅವ್ನು ಜೈಲಾಗೆ ಕುಂತ್ರೆ ಗಂಡಿ ಯಾರು ತುಂಬ್ತಾರೆ?" ಅವಳು ಶೇಕದಾರರ ಕಡೆ ತಿರುಗಿದಳು. "ಸ್ವಾಮಿ, ಪಟ್ಟಿಗೆ ಸೇರೋಕೆ ಒಂದು ಜೀವ ಸಾಕು ಅಂದ್ರಿ. ಮತ್ತೆ ಗಂಡಿ ಯಾಕೆ ಬೇಕು? ನನ್ ಗಂಡನ್ನ ಬರಕೊಳ್ಳಿ, ಗಂಡಿ ಬಿಡಿ."

ಶೇಕದಾರರು ಕಾಗದ ನೋಡಿದರು. "ನಿಯಮದ ಪ್ರಕಾರ... ಜೀವಹಾನಿ ನಮೂದಾದ್ರೆ ಏರಿಯನ್ನ ಯಥಾಸ್ಥಿತಿ ಇಡಬೇಕು ಅಂತೇನಿಲ್ಲ."

"ಅಂಗಾದ್ರೆ ಒತ್ತೀನಿ. ಮೊದ್ಲು ಗಂಡಿ ಮುಚ್ಲಿ. ಮಣ್ಣಿಗೆ ಬಂದೋರು ತಾನೇ ಎಲ್ರೂ? ಗುಣಿಗೆ ಮೂರು ಹಿಡಿ ಆಕೋದು ನಮ್ಮಲ್ಲಿ ಪದ್ಧತಿ. ನಮ್ಮೆಜಮಾನ್ರಿಗೆ ಮೂರು ಹಿಡಿ ಸಾಲ್ದು, ಆಳಿಗೆ ಮೂವತ್ತು ಮಂಕರಿ. ಅಲ್ಲೀಗಂಟ ಎಣ ಏಳಲ್ಲ."

"ಮಳೆ ಬರೋಂಗದೆಯಲ್ಲಮ್ಮ," ಎಂದ ಪಟೇಲ. ದನಿಯಲ್ಲಿ ಜೋರಿರಲಿಲ್ಲ.

"ಅದಕ್ಕೇ ಯೋಳಿದ್ದು."

"ತುಳಿಯೋರು ಯಾರು?" ಎಂದು ಯಾರೋ ಕೇಳಿದರು. ನೀರುಗಂಟಿಯ ಕೆಲಸ ಅದು.

ಗಂಗರತ್ನಮ್ಮ ಕೋದಂಡಪ್ಪನನ್ನು ತೋರಿಸಿದಳು. ಅವನು ಅಣ್ಣನ ಮುಖ ನೋಡಿದ. ಅಶ್ವತ್ಥಪ್ಪ ಪೇಟ ಬಿಚ್ಚಿ ಪಕ್ಕಕ್ಕಿಟ್ಟು, ಮೊದಲ ಮಂಕರಿಗೆ ತಾನೇ ಮಣ್ಣು ಬಳಿದುಕೊಂಡ.

"ಇಳೀಲಾ," ಎಂದ ತಮ್ಮನಿಗೆ.

ಹೆಣವನ್ನು ಏರಿಯ ಮೇಲೆ ಮಲಗಿಸಿ ತಲೆಗೆ ಶೇಕದಾರರ ಕೊಡೆ ಮರೆ ಮಾಡಿದರು. ತಮಟೆ ಮತ್ತೆ ಶುರುವಾಯಿತು. ಮೇಲುಕೇರಿ ಒಂದು ಕಡೆಯಿಂದ, ಕೆಳಗೇರಿ ಇನ್ನೊಂದು ಕಡೆಯಿಂದ. ಬಂದು ಸುರಿಯುವರು, ಹೆಣಕ್ಕೆ ಕೈ ಮುಗಿಯುವರು, ಹೋಗುವರು. ಸುರಿಯುವಾಗ ಕೆಳಗೇರಿಯ ಕೆಲವರು ಕೋದಂಡಪ್ಪನ ತಲೆಗೇ ಗುರಿಯಿಟ್ಟರು. ಅವನು ಒಡೆದ ಬಾಯಿಯಿಂದ ರಕ್ತ ಮಣ್ಣು ಎರಡೂ ಉಗುಳಿ ತುಳಿಯುತ್ತಿದ್ದ. ಆರುಮುಗಂ ಜೋತ ಕೈಯನ್ನು ಟವಲಿನಲ್ಲಿ ಕಟ್ಟಿಕೊಂಡು, ಇನ್ನೊಂದರಲ್ಲಿ ಹೆಂಟೆ ಎತ್ತಿ ಹಾಕಿದ.

ಇಳಿಹೊತ್ತಿಗೆ ಗಂಡಿ ಎದೆಮಟ್ಟ ತುಂಬಿತು. ಗಂಗರತ್ನಮ್ಮ ಮಂಕರಿ ಹೊತ್ತು ಅಂಚಿಗೆ ಬಂದಳು. ಕೆಳಗೆ ನೇರಕ್ಕೆ ಕೋದಂಡಪ್ಪನ ಬಗ್ಗಿದ ತಲೆ. ಮಂಡಿಯ ತನಕ ಹೂತು ಹೋಗಿದ್ದ, ಸರಿಯಲು ಜಾಗವಿರಲಿಲ್ಲ. ಮಂಕರಿಯೊಳಗಿನ ಮಣ್ಣಿನ ಮೇಲೆ ತಲೆಗಾತ್ರದ ಕಲ್ಲೊಂದಿತ್ತು. ಅವನು ಮೇಲೆ ನೋಡಿದ. ಕಲ್ಲನ್ನೂ ನೋಡಿದ. ಕೈ ಅಡ್ಡ ತರಲಿಲ್ಲ. ತಮಟೆಯವನು ಹೊಡೆಯುವುದನ್ನು ಮರೆತ.

ಅವಳು ಮಂಕರಿಯನ್ನು ತಲೆಯಿಂದ ಇಳಿಸಿದಳು. ಅವನ ತಲೆಯ ನೇರಕ್ಕೇ ಹಿಡಿದಳು. ಆಮೇಲೆ ಒಂದು ಗೇಣು ಎಡಕ್ಕೆ ಸರಿದು ಸುರಿದಳು. ಕಲ್ಲು ಅವನ ಕಾಲ ಬುಡಕ್ಕೆ ದಬ್ಬೆಂದು ಬಿದ್ದು ಅರ್ಧ ಹೂತಿತು.

"ತುಳಿ," ಎಂದಳು.

ಗಂಡಿ ಏರಿಯ ಸಮಕ್ಕೆ ಬಂದಾಗ ಮೊದಲ ಹನಿಗಳು ಬಿದ್ದವು. ಶೇಕದಾರರು ಅಂಗಿಯ ಮರೆಯಲ್ಲಿ ಕಾಗದ ಬಿಚ್ಚಿದರು. "'ಪ್ರವಾಹಕ್ಕೆ ಸಿಕ್ಕಿ' ಅಂತ ಇದೆಯಮ್ಮ," ಎಂದು ಮೆಲ್ಲಗೆ ಇನ್ನೊಮ್ಮೆ ಹೇಳಿದರು. ಈ ಸಲ ಮೂಗಿನಲ್ಲಿ ಬರಲಿಲ್ಲ. ಅವಳು ಹೆಬ್ಬೆಟ್ಟನ್ನು ಸೀರೆಗೆ ಒರೆಸಿ ಒತ್ತಿದಳು. ಚಟ್ಟ ಎದ್ದಿತು. ಪಟೇಲ ಒಂದು ಕೊನೆಗೆ ಹೆಗಲು ಕೊಟ್ಟ, ಆರುಮುಗಂ ಒಂದು ಕೊನೆಗೆ. ಊರು ತಮಟೆಯ ಹಿಂದೆ ಮಸಣದ ಕಡೆ ಇಳಿಯಿತು.

ಕೆರೆಗೆ ನೀರು ಬರುವ ಸದ್ದು ಆಗಲೇ ಕೇಳುತ್ತಿತ್ತು. ಏರಿಯ ಮೇಲೆ, ಗಟ್ಟಿಯಾಗಿ ಹೆಜ್ಜೆಯೂ ಮೂಡದ ಮಣ್ಣಿನಲ್ಲಿ, ಕೋದಂಡಪ್ಪ ಒಬ್ಬನೇ ಒಂದು ಕಾಲಾದ ಮೇಲೆ ಒಂದು ಕಾಲು ಎತ್ತಿ ತುಳಿಯುತ್ತಲೇ ಇದ್ದ. ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.