ಅಪ್ಪನ ತೋಟದ ಬೇರು

ಉಮ್ಮ್ ನಾಯೆಫ್ ಎಂಬ ಮುದುಕಿಯ ಹೊಸ್ತಿಲಲ್ಲಿ ಸಾರ್ಜೆಂಟ್ ಸೆರೆಮಾಯಾ ಬೂಟು ಬಿಚ್ಚಿದ. ಉಣ್ಣೆಯ ಟೊಪ್ಪಿಗೆಯನ್ನೂ ತೆಗೆದು ಜೇಬಿಗೆ ತುರುಕಿದ. ಚಳಿ ಕಿವಿ ಕಚ್ಚಿತು. ಕಚ್ಚಲಿ. ಫಿಜಿಯ ಅವನ ಊರಲ್ಲಿ ತಪ್ಪೊಪ್ಪಿಕೊಳ್ಳಲು ಹೋಗುವವನು ತಲೆ ಮುಚ್ಚಿಕೊಂಡು ಹೋಗುವುದಿಲ್ಲ. ಕಂಕುಳಲ್ಲಿ ಅಪ್ಪನ ತೋಟದ ಯಂಗೋನಾ ಬೇರಿನ ಕಟ್ಟು ಇತ್ತು; ಅರೆದು ಕುಡಿಯುವ, ಅವನ ಜನ ಕ್ಷಮೆ ಕೇಳುವಾಗ ಮುಂದಿಡುವ ಬೇರು.

"ನಾವೇನು ಬೇಕಂತ ಮಾಡಿದ್ವಾ ಅಣ್ಣ? ಆಟ ಆಡಿದ್ವಿ, ಅಷ್ಟೇ," ಎಂದು ಹಿಂದೆ ನಿಂತಿದ್ದ ಕಾರ್ಪೊರಲ್ ವಿಲಿಕೇಸ ಗೊಣಗಿದ.

"ಬಾಯ್ಮುಚ್ಕೊಂಡು ಬಾ. ಅಜ್ಜಿ ಸೊಂಟ ಮುರಿದಿದ್ದೂ ಆಟಾನಾ?"

ಆಟವೇ ಆಗಿತ್ತು. ಗೋಲಾನ್ ಬೆಟ್ಟದಲ್ಲಿ ಶಾಂತಿ ಕಾಯಲು ಬಂದ ಹನ್ನೊಂದು ಜನ ಮೀಸೆ ಹೊತ್ತ ಗಂಡಸರು, ಮೂರು ದಿನದ ಹಿಂದೆ ಜನ್ಮದಲ್ಲೇ ಮೊದಲ ಸಲ ಹಿಮ ಕಂಡು, ಅಡುಗೆಮನೆಯ ದೊಡ್ಡ ತಟ್ಟೆಗಳ ಮೇಲೆ ಕೂತು ಈ ಓಣಿಯಲ್ಲಿ ಜಾರಿದ್ದೇ ಜಾರಿದ್ದು. ಮೊದಲು ಜಾರಿದವನು ಸೆರೆಮಾಯಾ. ಸಾಕು ಎಂದವರನ್ನು "ಇನ್ನೊಂದೇ ಸಲ ಬನ್ರೋ" ಎಂದು ಎಳೆದವನೂ ಅವನೇ. ಮುದುಕಿ ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಎಲ್ಲರಿಗೂ ಚಹಾ ಕಳಿಸಿದ್ದಳು. ಉಜ್ಜಿ ನುಣುಪಾದ ಹಿಮ ಬೆಳಗಾಗುವುದರೊಳಗೆ ಗಾಜಿನಂತಾಗುತ್ತದೆ, ಮೇಲೆ ಬೂದಿ ಚೆಲ್ಲಬೇಕು ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ತೆಂಗಿನ ಮರದಡಿ ಬೆಳೆದವರಿಗೆ ಎಲ್ಲಿಂದ ಗೊತ್ತಾಗಬೇಕು? ಮರುದಿನ ಕೋಳಿಗೆ ಕಾಳು ಹಾಕಲು ಹೊರಟ ಮುದುಕಿ ಮೂರನೇ ಹೆಜ್ಜೆಗೇ ಬಿದ್ದಳು.

ಮೇಷ್ಟ್ರಗಿರಿ ಮಾಡುವ ಸೊಸೆ ಹಿಯಾಮ್‌ಗೆ ಇವರ ಇಂಗ್ಲಿಷ್ ತಿಳಿಯುತ್ತಿತ್ತು. ಮುಖ ಗಂಟಿಕ್ಕಿಕೊಂಡೇ ಒಳಗೆ ಬಿಟ್ಟಳು. ಅತ್ತೆ ಇನ್ನು ಎದ್ದು ಓಡಾಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದನ್ನು ನೆಲ ನೋಡುತ್ತ ತಿಳಿಸಿದಳು. ಸೆರೆಮಾಯಾನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹಾಸಿಗೆಯ ಪಕ್ಕ ಮೊಣಕಾಲೂರಿ ಬೇರನ್ನು ಎರಡೂ ಕೈಯಲ್ಲಿ ಚಾಚಿದ. ನೊಂದವರು ಅದನ್ನು ಮುಟ್ಟಿದರೆ ಕ್ಷಮೆ. ಮುಟ್ಟದಿದ್ದರೆ ತಲೆತಗ್ಗಿಸಿ ಹಿಂದಿರುಗಬೇಕು. ಹಿರಿಯರು ಕಲಿಸಿದ ಉದ್ದನೆಯ ಮಾತನ್ನೆಲ್ಲ ಬಿಟ್ಟು ಇಷ್ಟೇ ಹೇಳಿದ.

"ತಪ್ಪಾಯ್ತಮ್ಮ. ಮೊದಲು ಜಾರಿದೋನು ನಾನೇ."

ಹಿಯಾಮ್ ಅದನ್ನು ಅರಬ್ಬಿಯಲ್ಲಿ ಹೇಳಿದಳು. ಮುದುಕಿ ಅವನ ಬರಿದಲೆಯನ್ನೂ ನಡುಗುವ ಕೈಯನ್ನೂ ನೋಡಿದಳು. ಕೈ ನೀಡಿ ಬೇರು ತೆಗೆದುಕೊಂಡಳು. ಅವನಿಗೆ ಹೋದ ಜೀವ ಬಂದಂತಾಯಿತು. ಅವಳು ಅದನ್ನು ತೂಗಿ ನೋಡಿ, ಸೊಸೆಯ ಕೈಗಿತ್ತು ಏನೋ ಹೇಳಿದಳು.

"'ಪಾಪ, ಸೌದೆ ಹೊತ್ಕೊಂಡು ಬಂದಿದಾನೆ. ಒಲೆಗೆ ಹಾಕಿ ಅವನನ್ನ ಹತ್ರ ಕೂರಿಸು, ಚಳೀಲಿ ನಡುಗ್ತಿದಾನೆ' ಅಂತಾರೆ," ಎಂದಳು ಹಿಯಾಮ್.

ಪಕ್ಕದಲ್ಲಿ ಕೂತಿದ್ದ ವಿಲಿಕೇಸ ಅದು ಸೌದೆಯಲ್ಲ ಎನ್ನಲು ಬಾಯಿ ತೆರೆಯಹೋದ. ಸೆರೆಮಾಯಾ ಅವನ ತೊಡೆ ಹಿಡಿದು ಒತ್ತಿದ. ಮೂರು ಮಳೆಗಾಲ ಅಪ್ಪ ಸಾಕಿದ ಬೇರು ಚಟಪಟ ಎಂದು ಹೊತ್ತಿಕೊಂಡಿತು. ಇಬ್ಬರೂ ಒಲೆಯ ಮುಂದೆ ಕೂತು ಮುದುಕಿ ಕೊಡಿಸಿದ ಚಹಾ ಕುಡಿದರು.

ಹೊರಡುವಾಗ ಹಿಯಾಮಳನ್ನು ಕೇಳಿ ಒಲೆಯ ಬೂದಿಯನ್ನು ಬಕೆಟ್ಟಿಗೆ ತುಂಬಿಸಿಕೊಂಡ. ಟೊಪ್ಪಿಗೆ ಜೇಬಿನಲ್ಲೇ ಇತ್ತು. ಹೊಸ್ತಿಲಿನಿಂದ ಕೋಳಿಗೂಡಿನವರೆಗೆ, ಮುದುಕಿ ಇಡುತ್ತಿದ್ದಷ್ಟೇ ಚಿಕ್ಕ ಹೆಜ್ಜೆ ಇಡುತ್ತ, ಬಗ್ಗಿ ಹಿಡಿಹಿಡಿಯಾಗಿ ಚೆಲ್ಲಿದ.